ಕ್ಷಯರೋಗ ಪತ್ತೆ: ಕಫ ಪರೀಕ್ಷೆಯ ವಿಧಾನಗಳು

ಎರಡು ವಾರಗಳಿಗೂ ಮೇಲ್ಪಟ್ಟು ಕೆಮ್ಮು ಇರುವವರು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಕಫ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದಾಗಿದೆ.

ಕ್ಷಯದ ರೋಗಾಣುವನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಗುರುತಿಸಿದರು. ಮೇಣದಂತಹ ಹೊದಿಕೆಯುಳ್ಳ ಈ ರೋಗಾಣು ಒಮ್ಮೆ ಹೀರಿಕೊಂಡ ಕೆಂಪು ಬಣ್ಣವನ್ನು ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಜೀಲ್-ನೀಲ್ಸನ್ ವಿಧಾನವು ಈ ಗುಣವನ್ನೇ ಆಧರಿಸಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೀಲಿ ಹಿನ್ನೆಲೆಯ ಮೇಲೆ ರೋಗಾಣುಗಳು ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇಲ್ಲದಿದ್ದಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಆದುದರಿಂದ ಈ ಪರೀಕ್ಷೆಯಲ್ಲಿ ರೋಗಾಣು ಕಾಣದ ಮಾತ್ರಕ್ಕೆ ರೋಗವಿಲ್ಲವೆಂದು ಭಾವಿಸತಕ್ಕದ್ದಲ್ಲ. ರೋಗಾಣುವಿನ ಡಿಎನ್‌ಎಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಯು ಇದಕ್ಕಿಂತ ಬಹಳ ಕಡಿಮೆ ಸಂಖ್ಯೆಯನ್ನೂ ಪತ್ತೆ ಹಚ್ಚುತ್ತದೆ. ರಿಫಾಂಪಿಸಿನ್ ಔಷಧಿಗೆ ರೋಗಾಣು ಮಣಿಯುವುದೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಗಳಲ್ಲಿ ತಿಳಿಸುತ್ತದೆ. ಕಲ್ಚರ್ ಪರೀಕ್ಷೆಗೆ ವಾರಗಳೇ ಬೇಕು.

ಅನೇಕರು ಕಫದ ಬದಲು ಎಂಜಲನ್ನು ಉಗುಳಿ ಕೊಡುತ್ತಾರೆ. ಇದರಿಂದ ಇರುವ ರೋಗವೂ ಪತ್ತೆಯಾಗದೆ ಉಳಿಯುತ್ತದೆ, ಮನೆಯವರಿಗೂ ಹರಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ಡಬ್ಬಿಯಲ್ಲಿ ಸಂಗ್ರಹಿಸತಕ್ಕದ್ದು. ಹೀಗೆ ಮಾಡುವಾಗ ಇತರರಿಂದ ದೂರವಾಗಿ ಬಯಲಿನಲ್ಲಿ ನಿಲ್ಲುವುದು. ಮುಚ್ಚಳವನ್ನು ಬಿಗಿ ಮಾಡಿ ಅಂದೇ ಕೇಂದ್ರಕ್ಕೆ ತಲುಪಿಸತಕ್ಕದ್ದು.