ಹತ್ತು ಸಾವಿರ ಹೆಜ್ಜೆ: ಇದು ಯಾರ ಲೆಕ್ಕ?

ದಿನಕ್ಕೆ 10,000 ಹೆಜ್ಜೆ ನಡೀಬೇಕು ಅನ್ನೋದು ವೈದ್ಯರು ಕಂಡುಹಿಡಿದ ಲೆಕ್ಕ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಹೆಸರೇ ಈಗ ನಮ್ಮ ಮೊಬೈಲಿನಲ್ಲಿ ಗುರಿಯಾಗಿ ಕೂತಿದೆ.

2019ರಲ್ಲಿ ಐ-ಮಿನ್ ಲೀ ಅವರ ತಂಡ ಅಮೆರಿಕದ 16,741 ಹಿರಿಯ ಮಹಿಳೆಯರ ನಡಿಗೆಯ ಅಧ್ಯಯನ ಪ್ರಕಟಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. (ಇದು ವಯಸ್ಸಾದವರ ಲೆಕ್ಕ, ಇಪ್ಪತ್ತರ ಹರೆಯದವರು ಇದನ್ನೇ ನೆಪ ಮಾಡ್ಕೋಬೇಡಿ.)

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ನಿಮಿಷದ ಲೆಕ್ಕ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಒಮ್ಮೆಗೆ ಕನಿಷ್ಠ 10 ನಿಮಿಷ ಇರಲೇಬೇಕು ಅನ್ನೋ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಬಸ್ ಸ್ಟಾಪಿಗೆ ಬಿರುಸಾಗಿ ನಡೆದದ್ದೂ ಸೇರುತ್ತೆ, ಮೈಬಗ್ಗಿಸಿ ಮಾಡುವ ಮನೆಗೆಲಸವೂ ಸೇರುತ್ತೆ.

ನಡೆಯದವರನ್ನು ಸೋಮಾರಿಗಳು ಅನ್ನೋದನ್ನು ನಾನು ಒಪ್ಪಲ್ಲ. ಬೆಂಗಳೂರಿನ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಕಿತ್ತ ಕಲ್ಲುಚಪ್ಪಡಿ. ಕತ್ತಲಾದರೆ ಬೀದಿದೀಪ ಇಲ್ಲದ ರಸ್ತೆಗೆ ಹೆಣ್ಣುಮಕ್ಕಳು ವಾಕಿಂಗ್ ಹೋಗೋದು ಹೇಗೆ? ವಾರ್ಡಿನ ಅಭ್ಯರ್ಥಿ ವೋಟು ಕೇಳೋಕೆ ಬಂದಾಗ, ಅವರನ್ನು ಒಂದು ಕಿಲೋಮೀಟರ್ ಫುಟ್‌ಪಾತ್ ಮೇಲೇ ನಡೆಸಿ ನೋಡಿ.