ಮೆಕ್‌ರೇ, ಕಾಲಿನ್

ಕಾಲಿನ್ ಮೆಕ್‌ರೇ (1968–2007) ಸ್ಕಾಟ್ಲೆಂಡಿನ ರ‍್ಯಾಲಿ ಚಾಲಕ. ವಿಶ್ವ ರ‍್ಯಾಲಿಯಲ್ಲಿ ಚಾಲಕರ ಚಾಂಪಿಯನ್ ಪಟ್ಟಕ್ಕೇರಿದ ಮೊದಲ ಬ್ರಿಟಿಷ್ ಸ್ಪರ್ಧಿ. 1995ರಲ್ಲಿ ಆ ಪಟ್ಟ ಒಲಿದಾಗ ಅವರಿಗೆ 27 ವರ್ಷ. ಅತಿ ಕಿರಿಯ ಚಾಂಪಿಯನ್ ಎಂಬ ದಾಖಲೆ 2022ರವರೆಗೂ ಅವರ ಹೆಸರಿನಲ್ಲೇ ಇತ್ತು.

ಹುಟ್ಟೂರು ಲ್ಯಾನಾರ್ಕ್. ತಂದೆ ಜಿಮ್ಮಿ ಐದು ಬಾರಿ ಬ್ರಿಟಿಷ್ ರ‍್ಯಾಲಿ ಚಾಂಪಿಯನ್. ಚಿಕ್ಕಂದಿನಲ್ಲಿ ಮೋಟರ್‌ಬೈಕ್ ಸ್ಪರ್ಧೆಗಳಲ್ಲಿ ಪಳಗಿದ ಕಾಲಿನ್ 1986ರಲ್ಲಿ ಟಾಲ್ಬಟ್ ಸನ್‌ಬೀಮ್ ಕಾರಿನಲ್ಲಿ ರ‍್ಯಾಲಿಗಿಳಿದರು. ವೇಗದ ಜೊತೆಗೇ ಅಪಘಾತಗಳೂ ಬೆನ್ನುಹತ್ತಿದ್ದರಿಂದ ‘ಮೆಕ್‌ಕ್ರ್ಯಾಷ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಪ್ರೋಡ್ರೈವ್ ನಡೆಸುತ್ತಿದ್ದ ಸುಬಾರು ತಂಡದಲ್ಲಿ 1991 ಮತ್ತು 1992ರ ಬ್ರಿಟಿಷ್ ಪ್ರಶಸ್ತಿ ಪಡೆದರು. 1993ರ ನ್ಯೂಜಿಲೆಂಡ್ ರ‍್ಯಾಲಿಯ ಗೆಲುವು ವಿಶ್ವಮಟ್ಟದಲ್ಲಿ ಅವರಿಗೂ ಸುಬಾರುವಿಗೂ ಮೊದಲನೆಯದು.

1995ರ ಹಣಾಹಣಿ ನಡೆದದ್ದು ಸಹತಂಡಿಗ ಕಾರ್ಲೋಸ್ ಸೈನ್ಸ್ ಜೊತೆಯಲ್ಲೇ. ಕ್ಯಾಟಲೋನಿಯಾ ರ‍್ಯಾಲಿಯಲ್ಲಿ ಸೈನ್ಸ್ ಅವರನ್ನು ಹಿಂದಿಕ್ಕಬಾರದೆಂದು ತಂಡ ಆಜ್ಞೆ ಮಾಡಿತು. ಮೆಕ್‌ರೇ ಕೇಳಲಿಲ್ಲ, ಮುಂದೆ ಹೋದರು. ಕೊನೆಗೆ ತಪಾಸಣಾ ಠಾಣೆಗೆ ಬೇಕೆಂದೇ ತಡವಾಗಿ ಬಂದು, ಸಮಯದಂಡ ಹೊತ್ತು, ಗೆಲುವನ್ನು ಬಿಟ್ಟುಕೊಡಬೇಕಾಯಿತು. ಕೊನೆಯ ಸುತ್ತಾದ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಬಂದಾಗ ಇಬ್ಬರದೂ ಸಮ ಅಂಕ. ಟೈರ್ ಪಂಕ್ಚರ್ ಆಗಿ ಹಿಂದೆಬಿದ್ದ ಮೆಕ್‌ರೇ, ಕೀಲ್ಡರ್ ಕಾಡಿನ ಹಾದಿಗಳಲ್ಲಿ ಆ ಅಂತರವನ್ನು ಅಳಿಸಿಹಾಕಿ, 36 ಸೆಕೆಂಡುಗಳಿಂದ ಸೈನ್ಸ್ ಅವರನ್ನು ಮಣಿಸಿದರು. ಪಕ್ಕದ ಆಸನದಲ್ಲಿ ದಾರಿಯ ತಿರುವುಗಳನ್ನು ಓದಿ ಹೇಳುತ್ತಿದ್ದವರು ಸಹಚಾಲಕ ಡೆರೆಕ್ ರಿಂಗರ್.

ಎರಡನೆಯ ಪಟ್ಟ ಮತ್ತೆ ಮತ್ತೆ ಕೈತಪ್ಪಿತು. 1997ರಲ್ಲಿ ಟಾಮಿ ಮ್ಯಾಕಿನೆನ್ ಎದುರು ಸೋತದ್ದು ಒಂದೇ ಅಂಕದಿಂದ. 1999ರಲ್ಲಿ ಫೋರ್ಡ್ ಸೇರಿ, ಹೊಸ ಫೋಕಸ್ ಕಾರಿಗೆ ಅದರ ಮೂರನೆಯ ಸ್ಪರ್ಧೆಯಾದ ಕೀನ್ಯಾದ ಸಫಾರಿ ರ‍್ಯಾಲಿಯಲ್ಲೇ ಗೆಲುವು ತಂದುಕೊಟ್ಟರು. 2001ರಲ್ಲಿ ಅರ್ಜೆಂಟೀನಾ, ಸೈಪ್ರಸ್, ಗ್ರೀಸ್‌ಗಳಲ್ಲಿ ಸಾಲಾಗಿ ಗೆದ್ದು, ಒಂದು ಅಂಕದ ಮುನ್ನಡೆಯೊಂದಿಗೆ ಕೊನೆಯ ಸುತ್ತಿಗೆ ಬಂದರು. ವೇಲ್ಸ್‌ನಲ್ಲಿ ಕಾರು ಪಲ್ಟಿಯಾಗಿ, ಪಟ್ಟ ಇಂಗ್ಲೆಂಡಿನ ರಿಚರ್ಡ್ ಬರ್ನ್ಸ್ ಪಾಲಾಯಿತು. ಅವರನ್ನು ಗೆಲ್ಲಿಸುತ್ತಿದ್ದ ದುಡುಕಿನ ವೇಗವೇ ಅಂದು ಮುಳುವಾಯಿತು.

2002ರ ಸಫಾರಿ ಅವರ 25ನೆಯ ಹಾಗೂ ಕೊನೆಯ ವಿಶ್ವ ರ‍್ಯಾಲಿ ಗೆಲುವು. ಅದು ಆಗಿನ ದಾಖಲೆ. 2003ರಲ್ಲಿ ಸಿಟ್ರೊಯೆನ್ ತಂಡದಲ್ಲಿ ಒಂದೂ ಗೆಲುವು ಸಿಗಲಿಲ್ಲ. ಆಮೇಲೆ ಡಾಕರ್ ರ‍್ಯಾಲಿ, ಲೆ ಮಾನ್ಸ್ 24 ಗಂಟೆಗಳ ರೇಸ್‌ಗಳಲ್ಲೂ ಪಾಲ್ಗೊಂಡರು. 2007ರ ಸೆಪ್ಟೆಂಬರ್ 15ರಂದು ಲ್ಯಾನಾರ್ಕ್ ಬಳಿ, ಅವರೇ ಚಲಾಯಿಸುತ್ತಿದ್ದ ಹೆಲಿಕಾಪ್ಟರ್ ಪತನಗೊಂಡು ಅವರೂ ಅವರ ಮಗನೂ ಸೇರಿ ನಾಲ್ವರು ಮೃತಪಟ್ಟರು. ಅವರ ಹೆಸರಿನಲ್ಲಿ ಕೋಡ್‌ಮಾಸ್ಟರ್ಸ್ 1998ರಲ್ಲಿ ಆರಂಭಿಸಿದ ವಿಡಿಯೊ ಗೇಮ್ ಸರಣಿ, ರ‍್ಯಾಲಿಯನ್ನು ಎಂದೂ ಕಾಣದ ಊರುಗಳ ಹುಡುಗರಿಗೂ ಈ ಕ್ರೀಡೆಯನ್ನು ಪರಿಚಯಿಸಿತು.