ಕ್ಯಾಮೆರಾದ ಆಚೆ, ಈಚೆ: ಚಾಮರಾಜನಗರ ಸೀಮೆಯ ಸ್ಟುಡಿಯೊ ಪಟಗಳು ಮತ್ತು ಹೆಣ್ಣಿನ ಕೈವಾಡ

ಛಾಯಾಗ್ರಾಹಕ ದೀನ್ ದಯಾಳ್ ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಗೋಷಾ ಪಾಲಿಸುವ ಮನೆತನಗಳ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕೂರುವಂತಿರಲಿಲ್ಲ. ಆದ್ದರಿಂದ ಕ್ಯಾಮೆರಾ ಹಿಡಿಯುವ ಹೊಣೆ ಶ್ರೀಮತಿ ಕೆನಿ-ಲೆವಿಕ್ ಎಂಬ ಮಹಿಳೆಗೆ ಬಂತು. ಬೀದರ್, ಕಲಬುರ್ಗಿ, ರಾಯಚೂರು ಆಗ ನಿಜಾಮರ ಸೀಮೆಯೊಳಗೇ ಇದ್ದವು. ಹಾಗಾಗಿ ಈ ಸ್ಟುಡಿಯೊ ಕರ್ನಾಟಕದ ಛಾಯಾಗ್ರಹಣ ಚರಿತ್ರೆಗೂ ಸೇರಬೇಕಾದ್ದು.

ಗೋಷಾ ಇದ್ದಲ್ಲಿ ಮಾತ್ರ ಹೆಣ್ಣು ಈ ವೃತ್ತಿಗೆ ಬಂದಳೆನ್ನುವುದು ಅರ್ಧ ಸತ್ಯ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1843ರಲ್ಲೇ ಗಂಡನೊಡನೆ ಸ್ಟುಡಿಯೊ ತೆರೆದ ಬರ್ಥಾ ವೆನರ್ಟ್-ಬೆಕ್‌ಮನ್, ಅವನು ತೀರಿಕೊಂಡ ಮೇಲೆ ಒಬ್ಬಳೇ ಅದನ್ನು ನಡೆಸಿದಳು. ಕಲ್ಕತ್ತೆಯ ಅನ್ನಪೂರ್ಣಾ ದತ್ತ (1894–1976) ಮನೆಮನೆಗೆ ಹೋಗಿ ಭಾವಚಿತ್ರ ತೆಗೆದು, ತಾವೇ ತೊಳೆದು ಮುದ್ರಿಸಿ, ಸಂಸಾರ ಸಾಕಿದರು. ಅವರಂಥವರ ಹೆಸರು ಉಳಿದದ್ದು ಸಿದ್ಧಾರ್ಥ ಘೋಷ್ ಅವರಂಥ ಸಂಶೋಧಕರು ಬಂಗಾಳದ ಫೋಟೊಗ್ರಫಿಯ ಚರಿತ್ರೆಯನ್ನು ಹುಡುಕಿ ಬರೆದಿಟ್ಟದ್ದರಿಂದ.

ಸಂತೆಮರಹಳ್ಳಿ, ಯಳಂದೂರು, ಗುಂಡ್ಲುಪೇಟೆ ಸೀಮೆಗೆ ಬಂದರೆ ಪ್ರಶ್ನೆಯ ರೂಪವೇ ಬೇರೆ: ಕ್ಯಾಮೆರಾ ಹಿಡಿದವರು ಯಾರು ಎಂಬುದಕ್ಕಿಂತ ಪಟವನ್ನು ರೂಪಿಸಿದವರು ಯಾರು ಎಂಬುದು. ಹಳೇ ಮೈಸೂರಿನ ಮನೆಗೋಡೆಗಳಲ್ಲಿ ಕಾಣುವ ಮೊಗ್ಗಿನ ಜಡೆಯ ಪಟವನ್ನು ನೋಡಿ. ಹುಡುಗಿ ನಿಲುಗನ್ನಡಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಮುಖ ನಮ್ಮತ್ತ, ಜಡೆ ಕನ್ನಡಿಯೊಳಗೆ. ಕನ್ನಡಿಯಲ್ಲಿ ಕ್ಯಾಮೆರಾ ಆಗಲಿ ದೀಪವಾಗಲಿ ಬೀಳದಂತೆ ಅದನ್ನು ಓರೆಯಾಗಿ ನಿಲ್ಲಿಸುವುದು ಫೋಟೊಗ್ರಾಫರನ ಜಾಣ್ಮೆ. ಆದರೆ ಪಟದ ವಿಷಯ ಯಾವುದು, ಯಾವುದು ಕಾಣಲೇಬೇಕು, ಸೆರಗು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮನೆಯ ಹೆಂಗಸರ ತೀರ್ಮಾನ. ಮೊಗ್ಗು ಪೋಣಿಸಿ ಜಡೆಗೆ ಹೊಲಿದವರು ಅವರೇ. ಸಂಜೆಗೆ ಮೊಗ್ಗು ಬಿರಿದರೆ ಜಡೆಯ ಅಂದವೇ ಹೋಗುತ್ತದೆ. ಅಷ್ಟರೊಳಗೆ ಹುಡುಗಿಯನ್ನು ಪೇಟೆಯ ಸ್ಟುಡಿಯೊಗೆ ತಲುಪಿಸಬೇಕು. ಪಟದ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಹೂವೇ. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಊರುಗಳಲ್ಲೂ ಸೀಮಂತದ ಪಟ, ಮೊಗ್ಗಿನ ಜಡೆಯ ಪಟ ಸಂಪ್ರದಾಯವಾಗಿ ಬೇರೂರಿದ್ದು ಈ ಹೆಂಗಸರ ಹಟದಿಂದ ಎಂಬುದು ನನ್ನ ವಾದ.

ಕ್ಯಾಮೆರಾದ ಈಚೆಯ ಈ ಕೈವಾಡವನ್ನು ತೋರಿಸಿ, ಆಚೆ ಕ್ಯಾಮೆರಾ ಹಿಡಿದ ಹೆಣ್ಣು ವಿರಳವಾಗಿದ್ದುದನ್ನು ಮರೆಸಬಾರದು. ಮುಂಬಯಿಯಲ್ಲಿ ಹೋಮಾಯಿ ವ್ಯಾರವಾಲಾ ಅವರ ಆರಂಭದ ಚಿತ್ರಗಳೂ ಗಂಡನ ಹೆಸರಿನಲ್ಲೇ ಅಚ್ಚಾದವು. ಅವರದು ಪತ್ರಿಕೆಯ ಕೆಲಸ. ಆದರೂ ಅಚ್ಚಾದ ಹೆಸರು ಕೆಲಸ ಮಾಡಿದವರದೇ ಹೌದೇ ಎಂಬ ಅನುಮಾನ ಪಟದ ಹಿಂದಿನ ಸ್ಟುಡಿಯೊ ಮೊಹರಿಗೂ ಸಲ್ಲುತ್ತದೆ. ಮೊಹರಿನಲ್ಲಿ ಗಂಡಸಿನ ಹೆಸರಿದ್ದ ಮಾತ್ರಕ್ಕೆ ನೆಗೆಟಿವ್ ತಿದ್ದಿದ, ಬಣ್ಣ ಹಚ್ಚಿದ ಕೈಗಳೂ ಗಂಡಸಿನವೇ ಎಂದು ತೀರ್ಮಾನಿಸಲಾಗದು.

ಮನೆಯವರು ಬಯಸಿ ತೆಗೆಸಿಕೊಂಡ ಪಟದ ಎದುರಿಗೆ ಜನಾಂಗ ಅಧ್ಯಯನದ ಪಟವನ್ನಿಡಬೇಕು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಎಡ್ಗರ್ ಥರ್ಸ್ಟನ್ ಅವರ 1909ರ ಸಂಪುಟಗಳ ಕಾಲದಲ್ಲಿ ದಕ್ಷಿಣದ ಹೆಣ್ಣು ಹೆಸರಿಲ್ಲದೆ, ಬುಡಕಟ್ಟಿನ ಮಾದರಿಯಾಗಿ ಕ್ಯಾಮೆರಾದೆದುರು ನಿಂತಳು. ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿನಿಂದ. ಕಲಾವಿದೆ ಎನ್. ಪುಷ್ಪಮಾಲಾ 2000–2004ರಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಣ್ಣುಗಳ ಕುರಿತ ಸರಣಿಯನ್ನು ರೂಪಿಸಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ, ಅಳತೆಯ ಚೌಕಗಳ ಮುಂದೆ ನಿಂತ ಬುಡಕಟ್ಟಿನ ಹೆಣ್ಣೂ ಪುಷ್ಪಮಾಲಾ ಅವರೇ. ಬರೆದ ಪರದೆ, ಸ್ಟುಡಿಯೊ ಬೆಳಕು, ಭಂಗಿ ಎಲ್ಲವನ್ನೂ ಇಬ್ಬರು ಮಹಿಳೆಯರು ಕೈಗೆ ತೆಗೆದುಕೊಂಡರು. ಕನ್ನಡನಾಡಿನ ಸ್ಟುಡಿಯೊ ಭಾವಚಿತ್ರದ ಅತ್ಯಂತ ಗಂಭೀರ ವಿಮರ್ಶೆ ಇರುವುದು ಈ ಚಿತ್ರಗಳಲ್ಲೇ ಎಂದು ನಾನು ತಿಳಿದಿದ್ದೇನೆ.

ಈ ಸೀಮೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಗೆ ಸುಣ್ಣ ಬಳಿಸುವಾಗ ಹಳೆಯ ಪಟಗಳನ್ನು ಎಸೆಯಬೇಡಿ. ಕಟ್ಟು ಬಿಚ್ಚಿದರೆ ರಟ್ಟಿನ ಹಿಂದಿನ ಮೊಹರನ್ನು ನಕಲು ಮಾಡಿಕೊಳ್ಳಿ. ಪಟದಲ್ಲಿರುವವರ ಹೆಸರಿನ ಜೊತೆಗೆ ಜಡೆ ಹೆಣೆದವರು ಯಾರು, ಸ್ಟುಡಿಯೊಗೆ ಕರೆದುಕೊಂಡು ಹೋದವರು ಯಾರು ಎಂದು ಹಿರಿಯ ಹೆಂಗಸರನ್ನು ಕೇಳಿ ಬರೆದಿಡಿ.